ಉಬ್ಬಸವಿಲ್ಲದ ದಿನದ ಮದ್ದು

ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರು, ರೀಲರ್‌ಗಳು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪವಿದು. ಬರೆಯುವಾಗ ಲೆಕ್ಕಗಳನ್ನು ಬಿಡಿಸಿ ಹೇಳಿದ್ದೇವೆ. ಸಭೆಯಲ್ಲಿ ಕೇಳಿಬಂದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.

ನಮ್ಮ ಸೀಮೆಯಲ್ಲಿ ಆಸ್ತಮಾಕ್ಕೆ ಹೆಸರು ಬಹಳ. ಚಿಂತಾಮಣಿ, ಶ್ರೀನಿವಾಸಪುರದ ಕಡೆ ‘ಆಯಾಸ’ ಅಂದರೆ ಬರೀ ದಣಿವಲ್ಲ, ಉಸಿರು ಕಟ್ಟುವುದು. ಕೆಲವರು ಉಬ್ಬಸ ಅನ್ನುತ್ತಾರೆ, ಕೆಲವರು ದಮ್ಮು, ಗೂರಲು. ಮಗುವಿಗೆ ಬಂದರೆ ‘ಶೀತದ ಮೈ’ ಅಂದು ಸುಮ್ಮನಾಗುತ್ತೇವೆ. ಚೀಟಿಯಲ್ಲಿ ‘ಅಲರ್ಜಿ ಕೆಮ್ಮು’ ಅಂತ ಬರೆಸಿಕೊಂಡು ವರ್ಷಗಟ್ಟಲೆ ಸಿರಪ್ ಕುಡಿಯುವವರೂ ಇದ್ದಾರೆ. ಆಸ್ತಮಾ ಅನ್ನುವ ಒಂದು ಪದವನ್ನು ಬಾಯಿಬಿಟ್ಟು ಹೇಳುವುದಕ್ಕೆ ಹೆದರಿಕೆ, ಹೆಣ್ಣುಮಕ್ಕಳಿಗಾದರೆ ಮದುವೆಯ ಚಿಂತೆ ಬೇರೆ. ಆ ಹೆದರಿಕೆಯಿಂದ ಆಗುವ ನಷ್ಟ ದೊಡ್ಡದು. ಯಾಕೆಂದರೆ ಸರಿಯಾಗಿ ಗುರುತಿಸಿದರೆ ಇದರಷ್ಟು ಚೆನ್ನಾಗಿ ಹತೋಟಿಗೆ ಬರುವ ದೀರ್ಘಕಾಲದ ರೋಗಗಳು ಕಡಿಮೆ.

ಮೊದಲು ಒಳಗೆ ಏನಾಗುತ್ತದೆ ಅನ್ನುವುದನ್ನು ನೋಡೋಣ. ಶ್ವಾಸಕೋಶಕ್ಕೆ ಗಾಳಿ ಹೋಗುವ ಕೊಳವೆಗಳ ಒಳಪದರ ಊದಿಕೊಂಡಿರುತ್ತದೆ. ಸುತ್ತಲಿನ ಸ್ನಾಯು ಸಣ್ಣ ಕಾರಣಕ್ಕೂ ಬಿಗಿಯುತ್ತದೆ. ಒಳಗೆ ಅಂಟಂಟು ಕಫ ಕೂಡುತ್ತದೆ. ಇಲ್ಲಿ ಎಲ್ಲರಿಗೂ ಡ್ರಿಪ್ ಪೈಪು ಗೊತ್ತು. ಕೊಳವೆಬಾವಿಯ ಗಡಸು ನೀರಿಗೆ ಪೈಪಿನೊಳಗೆ ಉಪ್ಪು ಕಟ್ಟಿದಾಗ ಮೋಟರಿನ ಒತ್ತಡ ಜಾಸ್ತಿ ಮಾಡಿದರೆ ಒಂದೆರಡು ದಿನ ನೀರು ಬಂದೀತು, ಕಟ್ಟಿದ್ದು ಮಾತ್ರ ಕರಗುವುದಿಲ್ಲ. ಸಾಲ್ಬುಟಮಾಲ್ ಅನ್ನುವ ಮದ್ದಿನ ನೀಲಿ ಇನ್‌ಹೇಲರ್, ನಾವು ನೀಲಿ ಪಂಪು ಅನ್ನುವುದು, ಮಾಡುವುದು ಇಷ್ಟೇ ಕೆಲಸ. ಬಿಗಿದ ಸ್ನಾಯುವನ್ನು ಐದು ನಿಮಿಷದಲ್ಲಿ ಸಡಿಲಿಸುತ್ತದೆ, ನಾಲ್ಕರಿಂದ ಆರು ಗಂಟೆ ನೆಮ್ಮದಿ ಕೊಡುತ್ತದೆ. ಊತ ಹಾಗೇ ಉಳಿಯುತ್ತದೆ. ಊತ ಇಳಿಸುವುದು ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್. ಅದು ದಿನಗಳು, ವಾರಗಳು ಹಿಡಿದು ಕೆಲಸ ಮಾಡುತ್ತದೆ. ಹಾಗಾಗಿ ಉಬ್ಬಸ ಇಲ್ಲದ ದಿನವೂ ಅದನ್ನು ತೆಗೆದುಕೊಳ್ಳಬೇಕಾಗುತ್ತದೆ. ಇವತ್ತಿನ ಮಾತೆಲ್ಲ ಇದೊಂದರ ಸುತ್ತಲೇ.

ಇನ್ನು ಪತ್ತೆ ಹಚ್ಚುವ ವಿಷಯ. ಸ್ಟೆತಸ್ಕೋಪ್ ಇಟ್ಟು ‘ಸುಂಯ್’ ಸದ್ದು ಕೇಳಿಸಿದರೆ ಆಸ್ತಮಾ, ಕೇಳಿಸದಿದ್ದರೆ ಇಲ್ಲ ಅಂತ ತೀರ್ಮಾನಿಸುವ ಹಾಗಿಲ್ಲ. ಆಸ್ತಮಾದ ಗುಣವೇ ಏರಿಳಿತ. ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಎಬ್ಬಿಸಿ ಕೂರಿಸಿದ್ದು ಹತ್ತು ಗಂಟೆಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಮಾಯವಾಗಿರುತ್ತದೆ. ಆದ್ದರಿಂದ ವೈದ್ಯರು ಕೇಳಬೇಕಾದ್ದು, ನೀವು ಹೇಳಬೇಕಾದ್ದು ರೋಗದ ನಡೆ: ರಾತ್ರಿ ಜಾಸ್ತಿಯೇ, ರಾಗಿ ಒಕ್ಕಣೆಯ ದಿನ ಬಂತೇ, ಪಾರ್ಥೇನಿಯಂ ಹೂ ಬಿಟ್ಟಾಗ ಏರಿತೇ, ನೆಗಡಿಯಾದರೆ ಹತ್ತು ದಿನ ಎದೆಗೆ ಇಳಿಯುತ್ತದೆಯೇ, ನಕ್ಕಾಗ, ಓಡಿದಾಗ ಕೆಮ್ಮು ಬರುತ್ತದೆಯೇ, ಚಿಕ್ಕಂದಿನಲ್ಲಿ ಗಜಕರ್ಣದಂತೆ ತುರಿಸುವ ಎಕ್ಸಿಮಾ ಇತ್ತೇ, ಮನೆಯಲ್ಲಿ ಇನ್ನಾರಿಗಾದರೂ ಇದೆಯೇ. ಮೊಬೈಲಿನಲ್ಲಿ ರಾತ್ರಿಯ ಉಸಿರಿನ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ತಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಕ್ಕಳ ವಿಷಯದಲ್ಲಿ ಇದನ್ನು ತಪ್ಪದೆ ಮಾಡಿ.

ಕೇಳಿದ್ದನ್ನು ಅಳತೆಯಿಂದ ಖಚಿತ ಮಾಡಿಕೊಳ್ಳಬೇಕು. ಆ ಅಳತೆಯ ಹೆಸರು ಸ್ಪೈರೊಮೆಟ್ರಿ. ಎದೆ ತುಂಬ ಉಸಿರೆಳೆದು, ಕೊಳವೆಯೊಳಕ್ಕೆ ಒಂದೇ ಸಲ ಜೋರಾಗಿ, ಆರು ಸೆಕೆಂಡಿನಷ್ಟು ಹೊತ್ತು ಪೂರ್ತಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಅನ್ನುವುದು ಮುಖ್ಯ ಅಂಕಿ, ಅದಕ್ಕೆ ಎಫ್‌ಇವಿ-1 ಅನ್ನುತ್ತಾರೆ. ಸರಿಯಾದ ಊದು ಮೂರಾದರೂ ಸಿಗಬೇಕು. ಆಮೇಲೆ ಸಾಲ್ಬುಟಮಾಲ್ 200ರಿಂದ 400 ಮೈಕ್ರೊಗ್ರಾಂ ಕೊಟ್ಟು, ಹತ್ತು ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಎರಡನೆಯ ಅಂಕಿ ಮೊದಲಿನದಕ್ಕಿಂತ ಶೇ 12ರಷ್ಟು ಏರಬೇಕು, ಜೊತೆಗೆ 200 ಮಿಲಿಲೀಟರ್ ಕೂಡ ಏರಬೇಕು. ಎರಡೂ ಬೇಕು. ಮೊದಲು 1.60 ಲೀಟರ್, ಮದ್ದಿನ ನಂತರ 1.95 ಬಂತು ಅನ್ನಿ. ಏರಿದ್ದು 350 ಮಿಲಿಲೀಟರ್, ಅಂದರೆ ಶೇ 22ರಷ್ಟು. ಇದು ಆಸ್ತಮಾದ ಕಡೆಗೆ ಬಲವಾಗಿ ಬೆರಳು ತೋರಿಸುತ್ತದೆ. ಇನ್ನೊಬ್ಬರಿಗೆ 0.90 ಇದ್ದದ್ದು 1.04 ಆಯಿತು. ಶೇಕಡಾ ಲೆಕ್ಕದಲ್ಲಿ 15 ದಾಟಿದರೂ ಏರಿದ್ದು 140 ಮಿಲಿಲೀಟರ್ ಮಾತ್ರ, ಇಷ್ಟರಿಂದ ಹೌದೆನ್ನಲಾಗದು.

ಪರೀಕ್ಷೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಅರ್ಧಂಬರ್ಧ ಊದುವುದು. ಇನ್ನೊಂದು, ಬೆಳಿಗ್ಗೆ ಪಂಪು ಹೊಡೆದುಕೊಂಡೇ ಬರುವುದು. ಕೊಳವೆ ಆಗಲೇ ಸಡಿಲಾಗಿದ್ದರೆ ಮತ್ತೆ ಏರುವುದಕ್ಕೆ ಜಾಗವೆಲ್ಲಿ? ಸಾಲ್ಬುಟಮಾಲ್ ಆದರೆ ಪರೀಕ್ಷೆಗೆ 4 ಗಂಟೆ ಮೊದಲು, ಸ್ಟೀರಾಯ್ಡ್ ಜೊತೆ ಹೆಚ್ಚು ಹೊತ್ತು ಸಡಿಲಿಸುವ ಮದ್ದೂ ಸೇರಿದ, ದಿನಕ್ಕೆರಡು ಸಲದ ಜೋಡಿ ಇನ್‌ಹೇಲರ್ ಆದರೆ 24 ಗಂಟೆ ಮೊದಲು ನಿಲ್ಲಿಸಬೇಕಾಗುತ್ತದೆ. ಉಸಿರು ಕಟ್ಟಿದ್ದರೆ ಮಾತ್ರ ಪರೀಕ್ಷೆಯ ಯೋಚನೆ ಬಿಟ್ಟು ಮದ್ದು ತೆಗೆದುಕೊಳ್ಳಿ. ಪರೀಕ್ಷೆ ನಾರ್ಮಲ್ ಬಂತು ಅಂದಮಾತ್ರಕ್ಕೆ ಆಸ್ತಮಾ ಇಲ್ಲ ಅಂತಲೂ ಅಲ್ಲ. ಒಳ್ಳೆಯ ದಿನ ಊದಿದರೆ ಒಳ್ಳೆಯ ಅಂಕಿಯೇ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಹೀಗೆ ಊದಲು ಬರುವುದಿಲ್ಲ. ಅಲ್ಲಿ ಲಕ್ಷಣದ ಸ್ವರೂಪ ನೋಡಿ, ಎರಡು ಮೂರು ತಿಂಗಳು ಮದ್ದು ಕೊಟ್ಟು, ಸುಧಾರಿಸಿತೇ ಎಂದು ಅಳೆಯುವುದೇ ದಾರಿ.

ಉಬ್ಬಸವೆಲ್ಲ ಆಸ್ತಮಾ ಅಲ್ಲ, ಇದನ್ನೂ ಒತ್ತಿ ಹೇಳಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು, ಕ್ಷಯ ಇಲ್ಲ ಅಂತ ಖಾತ್ರಿಯಾಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ದುಡ್ಡಿಲ್ಲ. ನಲವತ್ತು ದಾಟಿದ, ಇಪ್ಪತ್ತು ವರ್ಷ ಸೌದೆ ಒಲೆ ಊದಿದ ತಾಯಿಗೆ ಅಥವಾ ಬೀಡಿ ಸೇದುವ ಗಂಡಸಿಗೆ ಇರುವುದು ಸಿಒಪಿಡಿ, ಅಂದರೆ ಹೊಗೆಯಿಂದ ಕೊಳವೆಗಳು ಖಾಯಂ ಕಿರಿದಾಗುವ ರೋಗ ಆಗಿರಬಹುದು. ಅದರಲ್ಲಿ ಏರಿಳಿತ ಕಡಿಮೆ, ಏದುಸಿರು ದಿನವೂ ಇರುತ್ತದೆ. ಕ್ರಷರ್, ಕ್ವಾರಿ ಕೆಲಸದವರಿಗೆ ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ, ಎದೆಯ ಎಕ್ಸ್‌ರೇ ಬೇಕು. ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದರೆ ಹೃದಯವನ್ನೂ ನೋಡಿಸಬೇಕು. ಮಕ್ಕಳಲ್ಲಿ ಒಂದು ವಿಷಯ ಬಹಳ ಮುಖ್ಯ. ಕಡಲೇಕಾಯಿ ಬಿಡಿಸುವ ಮನೆಯಲ್ಲಿ ಆಡುತ್ತಿದ್ದ ಎರಡು ವರ್ಷದ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಆಮೇಲಿನಿಂದ ಒಂದೇ ಪಕ್ಕದ ಎದೆಯಲ್ಲಿ ಸುಂಯ್‌ಗುಟ್ಟಿದರೆ ಅದು ಆಸ್ತಮಾ ಅಲ್ಲ, ಬೀಜ ಉಸಿರಿನ ಕೊಳವೆಯಲ್ಲಿ ಸಿಕ್ಕಿಕೊಂಡಿರಬಹುದು. ಮದ್ದನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಹಿಡಿಸುತ್ತಾ ಕೂತರೆ ಕಾಲ ಕಳೆಯುತ್ತದೆ. ಕೊಳವೆಯೊಳಕ್ಕೆ ದುರ್ಬೀನು ಇಳಿಸುವ ಬ್ರಾಂಕೋಸ್ಕೋಪಿಯಿಂದ ತೆಗೆಯಬೇಕು.

ಮನೆಯಲ್ಲಿ ಅಳೆಯುವ ಸಾಧನ ಪೀಕ್ ಫ್ಲೋ ಮೀಟರ್. ಅಂಗೈ ಉದ್ದದ ಪ್ಲಾಸ್ಟಿಕ್ ಕೊಳವೆ, ಮೇಲೊಂದು ಮುಳ್ಳು, ಪಕ್ಕದಲ್ಲಿ 60ರಿಂದ 800ರವರೆಗೆ ಅಂಕಿ. ಕರೆಂಟು, ಬ್ಯಾಟರಿ ಬೇಡ. ಇದರ ಮೇಲೆ ನಮಗೆ ತುಂಬ ನಂಬಿಕೆ, ಹಾಗಾಗಿ ನಿಧಾನವಾಗಿ ಹೇಳುತ್ತೇವೆ. ಎದ್ದು ನಿಂತುಕೊಳ್ಳಿ. ಮುಳ್ಳನ್ನು ಕೆಳಕ್ಕೆ ತಳ್ಳಿ. ಬೆರಳು ಮುಳ್ಳಿನ ದಾರಿಗೆ ಅಡ್ಡ ಬರದಂತೆ ಹಿಡಿಯಿರಿ. ಎದೆ ತುಂಬ ಉಸಿರೆಳೆದು, ತುಟಿ ಬಿಗಿಯಾಗಿ ಮುಚ್ಚಿ, ದೂರದ ದೀಪವನ್ನು ಒಂದೇ ಉಸಿರಿಗೆ ಆರಿಸುವ ಹಾಗೆ ಫಟ್ಟನೆ ಊದಿ. ಬಲೂನು ಊದುವಂತೆ ಎಳೆಯಬೇಡಿ. ಮೂರು ಸಲ ಊದಿ, ಮೂರರಲ್ಲಿ ದೊಡ್ಡದನ್ನು ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ. ನಾಲಿಗೆ ಅಡ್ಡ ಬಂದರೆ, ಉಗುಳುವಂತೆ ‘ಥೂ’ ಅಂತ ಊದಿದರೆ ಮುಳ್ಳು ಸುಳ್ಳು ಎತ್ತರಕ್ಕೆ ಹಾರುತ್ತದೆ. ಮೀಟರು ಬದಲಾದರೆ ಅಂಕಿಯೂ ಬದಲಾಗುತ್ತದೆ, ಆದ್ದರಿಂದ ಯಾವಾಗಲೂ ಒಂದೇ ಮೀಟರು.

ಬೆಳಿಗ್ಗೆ ಎದ್ದ ಕೂಡಲೇ, ಮದ್ದಿಗೆ ಮುಂಚೆ ಒಂದು ಸಲ. ಸಂಜೆ ಒಂದು ಸಲ. ಎರಡು ವಾರ. ಲೆಕ್ಕ ಹೀಗೆ: ಆ ದಿನದ ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆಯಿರಿ, ಎರಡರ ಸರಾಸರಿಯಿಂದ ಭಾಗಿಸಿ, ನೂರರಿಂದ ಗುಣಿಸಿ. 380 ಮತ್ತು 290 ಬಂದಿದ್ದರೆ ವ್ಯತ್ಯಾಸ 90, ಸರಾಸರಿ 335, ಏರಿಳಿತ ಶೇ 27ರ ಹತ್ತಿರ. ಎರಡು ವಾರದ ಇಂಥ ದಿನದ ಏರಿಳಿತಗಳ ಸರಾಸರಿ ದೊಡ್ಡವರಲ್ಲಿ ಶೇ 10, ಮಕ್ಕಳಲ್ಲಿ ಶೇ 13 ದಾಟಿದರೆ ಅದು ಅತಿಯಾದ ಏರಿಳಿತ. ಸ್ಪೈರೊಮೆಟ್ರಿ ಸಿಗದ ಕಡೆ ರೋಗ ಹಿಡಿಯಲು ಇದೇ ಆಧಾರವಾಗುತ್ತದೆ. ರೋಗ ಹತೋಟಿಗೆ ಬಂದ ಮೇಲೆ ನಿಮ್ಮದೇ ಅತ್ಯುತ್ತಮ ಅಂಕಿ ಗುರುತು ಮಾಡಿಟ್ಟುಕೊಳ್ಳಿ. ಅದು 400 ಆದರೆ 320ರ ಮೇಲೆ ಹಸಿರು, 200ರಿಂದ 320ರವರೆಗೆ ಹಳದಿ, 200ಕ್ಕಿಂತ ಕೆಳಗೆ ಕೆಂಪು. ಬಹಳ ವರ್ಷದಿಂದ ಉಬ್ಬಸಕ್ಕೆ ಒಗ್ಗಿಹೋದವರಿಗೆ ಕೊಳವೆ ಮುಚ್ಚುತ್ತಿರುವುದು ಗೊತ್ತೇ ಆಗುವುದಿಲ್ಲ. ಅವರ ಮೈ ಹೇಳದಿದ್ದುದನ್ನು ಮುಳ್ಳು ಹೇಳುತ್ತದೆ.

ಈ ಊರಿನಲ್ಲಿ ನಿಂತು ರೇಷ್ಮೆಯ ಮಾತು ಬಿಡುವ ಹಾಗಿಲ್ಲ. ರೇಷ್ಮೆ ಬಿಚ್ಚಾಣಿಕೆ ಘಟಕಗಳ ಕೆಲಸಗಾರರಿಗೆ ಕೆಲಸದಿಂದಲೇ ಆಸ್ತಮಾ ಬರುವುದು ಕರ್ನಾಟಕದಲ್ಲಿ 1980ರ ದಶಕದಲ್ಲೇ ದಾಖಲಾಗಿದೆ. ಗೂಡು ಬೇಯಿಸುವಾಗ ಏಳುವ ಆವಿ, ಗೂಡಿನ ಮೇಲಿನ ಜಾಳು, ಗೂಡಿನೊಳಗಿನ ಒಣಗಿದ ಹುಳುವಿನ (ಪ್ಯೂಪಾ) ಪುಡಿ, ಬಿತ್ತನೆ ಕೇಂದ್ರಗಳಲ್ಲಿ ಚಿಟ್ಟೆಯ ರೆಕ್ಕೆಯಿಂದ ಉದುರುವ ಹೊಟ್ಟು, ಹುಳು ಮನೆಯಲ್ಲಿ ಹಿಕ್ಕೆ ಮತ್ತು ಒಣ ಸೊಪ್ಪಿನ ಧೂಳು. ಇವುಗಳಲ್ಲಿರುವ ಪ್ರೋಟೀನುಗಳಿಗೆ ಕೆಲವರ ಮೈ ತಿರುಗಿ ಬೀಳುತ್ತದೆ. ಇದು ಮೊದಲ ದಿನವೇ ಬರುವುದಿಲ್ಲ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕೆಲಸ ಮಾಡಿದ ಮೇಲೆ ಮೊದಲು ಮೂಗು ಸೋರುವುದು, ಕಣ್ಣು ತುರಿಸುವುದು, ಆಮೇಲೆ ಎದೆ ಬಿಗಿತ. ‘ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಆಗ ಬರದ್ದು ಈಗ ಯಾಕೆ’ ಅನ್ನುವ ಪ್ರಶ್ನೆಗೆ ಉತ್ತರ ಇದೇ.

ಇದನ್ನು ಹಿಡಿಯುವುದಕ್ಕೂ ಅದೇ ಮೀಟರು. ಮಾಮೂಲಿ ಆಸ್ತಮಾದಲ್ಲಿ ಬೆಳಗಿನ ಅಂಕಿ ಕಡಿಮೆ, ಸಂಜೆಯದು ಜಾಸ್ತಿ. ಕೆಲಸದಿಂದ ಬಂದದ್ದಾದರೆ ಅನೇಕ ವೇಳೆ ತಿರುಗುಮುರುಗಾಗುತ್ತದೆ. ಉದಾಹರಣೆಗೆ ಗೂಡಿನಿಂದ ನೂಲು ಬಿಚ್ಚುವ ಬೇಸಿನ್ ಮುಂದೆ ಕೂರುವ ಒಬ್ಬರ ಕೆಲಸದ ದಿನದ ಚೀಟಿಯಲ್ಲಿ ಬೆಳಿಗ್ಗೆ 340, ಸಂಜೆ 270 ಇರುತ್ತದೆ. ಹಬ್ಬಕ್ಕೆ ನಾಲ್ಕು ದಿನ ತವರಿಗೆ ಹೋದಾಗ 350, 380, 390 ಅಂತ ಏರುತ್ತದೆ. ಮತ್ತೆ ಕೆಲಸಕ್ಕೆ ಕೂತ ಎರಡನೆಯ ದಿನ ಇಳಿಯುತ್ತದೆ. ಇಂಥ ಚೀಟಿ ತಂದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದ ಹಾಗೆ. ಇದಕ್ಕೆ ದಿನಕ್ಕೆ ಎರಡು ಸಲ ಸಾಲದು, ನಾಲ್ಕು ಸಲ ಅಳೆಯಬೇಕು. ಕೆಲಸದ ದಿನ, ರಜೆಯ ದಿನ ಎರಡೂ ಸೇರಿರಬೇಕು. ಬರೆಯುವವರು ಒಂದು ದಿನವೂ ಊಹೆಯ ಅಂಕಿ ತುಂಬಬಾರದು.

ಹುಳು ಮನೆ ಶುದ್ಧಿ ಮಾಡುವ ಫಾರ್ಮಲಿನ್, ಬ್ಲೀಚಿಂಗ್ ಪುಡಿಯ ಕಥೆ ಬೇರೆ. ಅವು ಆಸ್ತಮಾ ಇರುವ ಯಾರ ಕೊಳವೆಯನ್ನಾದರೂ ನೇರವಾಗಿ ಕೆರಳಿಸುತ್ತವೆ. ಆಸ್ತಮಾ ಇರುವವರು ಸಿಂಪಡಣೆಗೆ ಹೋಗಲೇಬಾರದು, ಬಾಗಿಲು ತೆರೆದು ಗಾಳಿಯಾಡಿ ಘಾಟು ಪೂರ್ತಿ ಹೋಗುವವರೆಗೆ ಒಳಗೂ ಹೋಗಬಾರದು. ಟವೆಲ್ ಸುತ್ತಿಕೊಂಡರೆ ಘಾಟು ನಿಲ್ಲುವುದಿಲ್ಲ. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಫಾರ್ಮಲಿನ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ರಾಸಾಯನಿಕ ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಈಗ ಚಿಕಿತ್ಸೆ. ಬಹಳ ವರ್ಷ ವೈದ್ಯರೇ ಹೇಳಿಕೊಟ್ಟದ್ದು, ಆಗೊಮ್ಮೆ ಈಗೊಮ್ಮೆ ಬರುವ ಉಬ್ಬಸಕ್ಕೆ ಸಾಲ್ಬುಟಮಾಲ್ ಸಾಕು ಅಂತ. ಆಸ್ತಮಾ ಕುರಿತು ಜಗತ್ತಿಗೆಲ್ಲ ಮಾರ್ಗಸೂಚಿ ಕೊಡುವ, 1993ರಲ್ಲಿ ಶುರುವಾದ ‘ಜೀನಾ’ ಸಂಸ್ಥೆ 2019ರಲ್ಲಿ ಆ ಮಾತನ್ನು ಕೈಬಿಟ್ಟಿತು. ದೊಡ್ಡವರು, ಹದಿಹರೆಯದವರು ಯಾರೂ ಬರೀ ಸಾಲ್ಬುಟಮಾಲ್ ನಂಬಿ ಇರಬಾರದು, ರೋಗ ಹಗುರವಾಗಿದ್ದರೂ ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬೇಕು ಅಂತ ಹೇಳಿತು. ವರ್ಷಕ್ಕೆ 200 ಪಫ್‌ನ ಮೂರು ಅಥವಾ ಹೆಚ್ಚು ನೀಲಿ ಡಬ್ಬಿ ಖಾಲಿ ಮಾಡುವವರಿಗೆ ಜೋರು ಅಟ್ಯಾಕ್ ಬರುವ ಅಪಾಯ ಹೆಚ್ಚು. ಹನ್ನೆರಡು ಡಬ್ಬಿ, ಅಂದರೆ ತಿಂಗಳಿಗೊಂದು ಮುಟ್ಟಿದವರಲ್ಲಿ ಸಾವಿನ ಅಪಾಯವೂ ಏರುತ್ತದೆ. ಮೆಡಿಕಲ್ ಅಂಗಡಿಯವರಿಗೆ ಇದು ನಮ್ಮ ವಿನಂತಿ: ತಿಂಗಳಾತಿಂಗಳು ನೀಲಿ ಪಂಪು ಕೇಳುವವರಿಗೆ ಕೊಡುವಾಗ, ಬೇಗ ವೈದ್ಯರನ್ನು ನೋಡಿ ಅನ್ನುವ ಒಂದು ಮಾತೂ ಕೊಡಿ.

ಈಗ ಮೊದಲು ಆರಿಸುವುದು ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಜೋಡಿ. ಫಾರ್ಮೊಟೆರಾಲ್ ಸಾಲ್ಬುಟಮಾಲ್‌ನಷ್ಟೇ ಬೇಗ ಸಡಿಲಿಸುತ್ತದೆ, ಹನ್ನೆರಡು ಗಂಟೆ ನಿಲ್ಲುತ್ತದೆ. ಪ್ರತಿ ಸಲ ಉಬ್ಬಸಕ್ಕೆ ಎಳೆದಾಗಲೂ ಊತ ಇಳಿಸುವ ಸ್ಟೀರಾಯ್ಡ್ ಜೊತೆಯಲ್ಲೇ ಹೋಗುತ್ತದೆ. ಹಗುರ ರೋಗಕ್ಕೆ ಬೇಕಾದಾಗ ಮಾತ್ರ ಒಂದು ಪಫ್. ಅದಕ್ಕಿಂತ ಜಾಸ್ತಿ ಇದ್ದರೆ ಬೆಳಿಗ್ಗೆ, ಸಂಜೆ ಒಂದೋ ಎರಡೋ ಪಫ್ ಖಾಯಂ, ನಡುವೆ ಬೇಕಾದರೆ ಅದರಿಂದಲೇ ಇನ್ನೊಂದು. ಪೆಟ್ಟಿಗೆಯ ಮೇಲೆ 200/6 ಅಂತ (ಬುಡೆಸೊನೈಡ್ 200, ಫಾರ್ಮೊಟೆರಾಲ್ 6 ಮೈಕ್ರೊಗ್ರಾಂ) ಇರುವುದರಲ್ಲಿ ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 12 ಪಫ್ ಮೇಲ್ಮಿತಿ. ಅಷ್ಟು ಬೇಕಾಗುತ್ತಿದೆ ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. 400/6ರದ್ದನ್ನು ಹೀಗೆ ಬೇಕಾದಾಗ ಎಳೆಯಲು ಬಳಸಬಾರದು. ಸಾಲ್ಮೆಟೆರಾಲ್ ಇರುವ ಜೋಡಿಯನ್ನೂ ಬಳಸಬಾರದು, ಅದು ಕೆಲಸ ಶುರುಮಾಡುವುದು ನಿಧಾನ. ನಿಮ್ಮ ಕೈಯಲ್ಲಿರುವುದು ಯಾವುದು ಅಂತ ಪೆಟ್ಟಿಗೆಯ ಹೆಸರು ಓದಿಸಿ ತಿಳಿದುಕೊಳ್ಳಿ, ಬಣ್ಣ ನಂಬಬೇಡಿ.

ಸ್ಟೀರಾಯ್ಡ್ ಅಂದೊಡನೆ ಗಾಬರಿ. 200 ಮೈಕ್ರೊಗ್ರಾಂ ಅಂದರೆ 0.2 ಮಿಲಿಗ್ರಾಂ. ಅಟ್ಯಾಕ್ ಬಂದಾಗ ಐದು ದಿನ ನುಂಗುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಒಟ್ಟು 200 ಮಿಲಿಗ್ರಾಂ. ಎರಡೂ ಬೇರೆ ಬೇರೆ ಮದ್ದು, ಶಕ್ತಿಯೂ ಬೇರೆ, ತೂಕಕ್ಕೆ ತೂಕ ಇಟ್ಟು ಹೋಲಿಸಲಾಗದು. ಆದರೂ ಒಂದು ನೇರವಾಗಿ ಕೊಳವೆಗೆ ಹೋಗುತ್ತದೆ, ಇನ್ನೊಂದು ರಕ್ತದ ಮೂಲಕ ಮೂಳೆ, ಕಣ್ಣು, ಸಕ್ಕರೆ ಎಲ್ಲವನ್ನೂ ಮುಟ್ಟುತ್ತದೆ. ಪಂಪಿಗೆ ಹೆದರಿ ವರ್ಷಕ್ಕೆ ನಾಲ್ಕು ಸಲ ಮಾತ್ರೆ, ಸೂಜಿ ಹಾಕಿಸಿಕೊಳ್ಳುವವರೇ ನಿಜವಾಗಿ ಹೆಚ್ಚು ಸ್ಟೀರಾಯ್ಡ್ ತಿನ್ನುತ್ತಿದ್ದಾರೆ. ಮಕ್ಕಳ ಎತ್ತರದ ಮೇಲೆ ಪರಿಣಾಮ ಇದೆ, ಮುಚ್ಚಿಡಬಾರದು. ದೊಡ್ಡವರಾದಾಗ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು. ಹತೋಟಿ ಇಲ್ಲದ ಆಸ್ತಮಾ ಕೂಡ ಬೆಳವಣಿಗೆ ಕುಗ್ಗಿಸುತ್ತದೆ, ಶಾಲೆಯೂ ತಪ್ಪುತ್ತದೆ. ಆಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ತೆಗೆದುಕೊಳ್ಳುವ ಮಗು ರಾತ್ರಿ ಬೆಚ್ಚುವುದು, ಸಿಡುಕುವುದು, ಮಂಕಾಗುವುದು ಕಂಡರೆ ವೈದ್ಯರಿಗೆ ತಕ್ಷಣ ಹೇಳಿ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದರ ಬಗ್ಗೆ ಅತಿ ಗಟ್ಟಿಯಾದ ಎಚ್ಚರಿಕೆ ಕೊಟ್ಟಿದ್ದಾರೆ. ತೀವ್ರ ಆಸ್ತಮಾಕ್ಕೆ ಒಮಾಲಿಜುಮ್ಯಾಬ್, ಮೆಪೊಲಿಜುಮ್ಯಾಬ್ ತರಹದ ದುಬಾರಿ ಚುಚ್ಚುಮದ್ದುಗಳಿವೆ. ಅಲ್ಲಿಗೆ ಹೋಗುವ ಮುಂಚೆ ಪಂಪು ಎಳೆಯುವ ರೀತಿ ಸರಿ ಇದೆಯೇ ನೋಡಬೇಕು, ಯಾಕೆಂದರೆ ಮದ್ದು ಕೆಲಸ ಮಾಡುತ್ತಿಲ್ಲ ಅನ್ನುವವರಲ್ಲಿ ಬಹಳ ಜನರಿಗೆ ಮದ್ದು ಒಳಗೇ ಹೋಗಿರುವುದಿಲ್ಲ.

ಒತ್ತುವ ಪಂಪನ್ನು ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಡಬ್ಬಿಯ ಜೊತೆಗೇ ಬಳಸಿ. ಸ್ಪೇಸರ್ ಇಲ್ಲದೆ ಒತ್ತಿದರೆ ಹೆಚ್ಚಿನ ಮದ್ದು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಮುಚ್ಚಳ ತೆಗೆದು, ಚೆನ್ನಾಗಿ ಕುಲುಕಿ. ಹೊಸದಾದರೆ, ವಾರಗಟ್ಟಲೆ ಮುಟ್ಟದೆ ಇಟ್ಟಿದ್ದರೆ ಎರಡು ಮೂರು ಪಫ್ ಗಾಳಿಗೆ ಬಿಡಿ. ಸ್ಪೇಸರ್‌ಗೆ ಸಿಕ್ಕಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಮುಚ್ಚಿ, ಒಂದೇ ಸಲ ಒತ್ತಿ, ಒಡನೆಯೇ ನಿಧಾನವಾಗಿ, ಮೂರರಿಂದ ಐದು ಸೆಕೆಂಡು ಎಳೆಯಿರಿ. ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಿರಿ. ಎರಡನೆಯ ಪಫ್ ಬೇಕಾದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಎರಡನ್ನೂ ಒಟ್ಟಿಗೆ ಒತ್ತಿ ಎಳೆಯುವುದು ಎಲ್ಲೆಡೆ ಕಾಣುವ ತಪ್ಪು. ಹನಿಗಳು ಒಂದಕ್ಕೊಂದು ತಗುಲಿ ಸ್ಪೇಸರ್‌ನ ಗೋಡೆಗೇ ಅಂಟುತ್ತವೆ. ಚಿಕ್ಕ ಮಗುವಿಗೆ ಮಾಸ್ಕ್ ಮೂಗು ಬಾಯಿಗೆ ಬಿಗಿಯಾಗಿ ಒತ್ತಿ, ಐದಾರು ಉಸಿರು ಆಡಲಿ. ಅಳುತ್ತಿರುವ ಮಗುವಿಗೆ ಹಿಡಿದರೆ ಒಳಗೆ ಹೋಗುವುದು ತೀರಾ ಕಡಿಮೆ, ಸಮಾಧಾನ ಮಾಡಿ ಹಿಡಿಯಿರಿ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು, ದನಿ ಒಡೆಯುವುದು ಆಗಬಹುದು.

ಪುಡಿಯ ಇನ್‌ಹೇಲರ್‌ನಲ್ಲಿ ಎಳೆಯುವ ರೀತಿ ತದ್ವಿರುದ್ಧ. ಅಲ್ಲಿ ಮದ್ದನ್ನು ಒಳಗೆ ತಳ್ಳುವ ಗ್ಯಾಸ್ ಇಲ್ಲ, ನಿಮ್ಮ ಉಸಿರೇ ಎಳೆದುಕೊಳ್ಳಬೇಕು. ಆದ್ದರಿಂದ ಜೋರಾಗಿ, ಮೊದಲಿಂದಲೇ ರಭಸವಾಗಿ ಎಳೆಯಬೇಕು. ರೋಟಾಹೇಲರ್ ಆದರೆ ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗಾಗುವಂತೆ ಚೌಕ ಕಿಂಡಿಗೆ ಪೂರ್ತಿ ತಳ್ಳಿ, ಬುಡ ತಿರುಗಿಸಿದಾಗ ಅದು ಎರಡಾಗಿ ಬಿಚ್ಚಿಕೊಳ್ಳಬೇಕು. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಅದರೊಳಕ್ಕೆ ಉಸಿರು ಬಿಡಬೇಡಿ, ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಕ್ಯಾಪ್ಸೂಲನ್ನು ನೀರಿನಲ್ಲಿ ನುಂಗುವವರಿದ್ದಾರೆ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ‘ತೆಗೆದುಕೊಂಡಿರಾ’ ಅಂತ ಕೇಳುವ ಬದಲು ‘ತೆಗೆದುಕೊಳ್ಳುವುದನ್ನು ತೋರಿಸಿ’ ಅನ್ನಿ.

ಸ್ಪೇಸರ್ ಕೊಳ್ಳಲಾಗದವರಿಗೆ 500 ಮಿಲಿಲೀಟರ್ ನೀರಿನ ಬಾಟಲಿ ಸಾಕು. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಂಪು ಸಿಕ್ಕಿಸಿದ ಜಾಗವನ್ನು ಗಾಳಿ ಸೋರದಂತೆ ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತು. ಪಂಪಿನ ಬಾಯಿಯ ಅಳತೆಗೆ ತಂತಿ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳಕ್ಕೆ ಒತ್ತಿ ರಂಧ್ರ ಮಾಡಿ. ಅಂಚು ನಯ ಮಾಡಿ, ಒಳಗೆ ಪ್ಲಾಸ್ಟಿಕ್ ಚೂರು ಉಳಿಯದಂತೆ ತೊಳೆದು, ಪಂಪು ಬಿಗಿಯಾಗಿ ಕೂರಿಸಿ ಸುತ್ತ ಟೇಪು ಸುತ್ತಿ. ಬಾಟಲಿಯ ಬಾಯಿಯೇ ನಿಮ್ಮ ಬಾಯಿಗೆ. ಪ್ಲಾಸ್ಟಿಕ್ ಸ್ಪೇಸರ್ ಯಾವುದೇ ಆಗಲಿ, ಪಾತ್ರೆ ಸೋಪಿನ ನೀರಲ್ಲಿ ಅದ್ದಿ ತೆಗೆದು, ಬಟ್ಟೆಯಲ್ಲಿ ಒರೆಸದೆ ಹಾಗೇ ಒಣಗಿಸಿ. ಒರೆಸಿದರೆ ಸ್ಥಿರ ವಿದ್ಯುತ್ ಹುಟ್ಟಿ ಮದ್ದನ್ನೆಲ್ಲ ಗೋಡೆಗೆ ಎಳೆದುಕೊಳ್ಳುತ್ತದೆ.

ಡಬ್ಬಿ ಖಾಲಿಯಾಯಿತೇ ಅಂತ ನೀರಲ್ಲಿ ತೇಲಿಸಿ ನೋಡುವುದನ್ನು ಬಿಡಿ, ಅದು ನಂಬಿಕೆಗೆ ಯೋಗ್ಯವಲ್ಲ. ಮದ್ದು ಮುಗಿದ ಮೇಲೂ ಗ್ಯಾಸ್ ಉಳಿದು ಪುಸ್ ಅನ್ನುತ್ತದೆ. 120 ಪಫ್‌ನ ಡಬ್ಬಿ, ದಿನಕ್ಕೆ ನಾಲ್ಕು ಅಂದರೆ 30 ದಿನ. ಶುರುಮಾಡಿದ ತಾರೀಖು ಡಬ್ಬಿಯ ಮೇಲೇ ಬರೆಯಿರಿ.

ಹತೋಟಿ ಅಳೆಯಲು ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ: ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆಯಾಯಿತೇ, ಒಂದು ರಾತ್ರಿಯಾದರೂ ಎದ್ದಿರಾ, ನೀಲಿ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ, ಯಾವುದಾದರೂ ಕೆಲಸ ಬಿಡಬೇಕಾಯಿತೇ. ಎಲ್ಲಕ್ಕೂ ಇಲ್ಲ ಅಂದರೆ ಹತೋಟಿಯಲ್ಲಿದೆ. ಒಂದೆರಡಕ್ಕೆ ಹೌದಾದರೆ ಅರ್ಧ ಹತೋಟಿ, ಮೂರು ನಾಲ್ಕಾದರೆ ಕೈ ಮೀರಿದೆ. ಎರಡು ಮೂರು ತಿಂಗಳು ಪೂರ್ತಿ ಹತೋಟಿ ಇದ್ದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ. ತಾನಾಗಿ ನಿಲ್ಲಿಸುವುದು ಬೇಡ. ಕಣ್ಣಿನ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ, ತಲೆನೋವಿಗೋ ಬಿಪಿಗೋ ಬರೆದ ಪ್ರೊಪ್ರನೊಲಾಲ್ ಮಾತ್ರೆ ಇವು ಆಸ್ತಮಾ ಕೆರಳಿಸುತ್ತವೆ. ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೂಡ. ಕಣ್ಣಿನ ವೈದ್ಯರಿಗೂ ಆಸ್ತಮಾ ಇದೆ ಅಂತ ಹೇಳಬೇಕು ಅನ್ನುವುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಅಟ್ಯಾಕ್ ಬಂದರೆ ಕೂರಿಸಿ, ಮಲಗಿಸಬೇಡಿ. ಆರು ವರ್ಷ ದಾಟಿದವರಿಗೆ ಸಾಲ್ಬುಟಮಾಲ್ ಸ್ಪೇಸರ್‌ನಲ್ಲಿ 4ರಿಂದ 10 ಪಫ್, ಒಂದೊಂದಾಗಿ. ಬೇಕಾದರೆ 20 ನಿಮಿಷಕ್ಕೊಮ್ಮೆ ಒಂದು ಗಂಟೆಯವರೆಗೆ. ಅಟ್ಯಾಕ್ ಅತಿ ತೀವ್ರವಲ್ಲದಿದ್ದರೆ ಸ್ಪೇಸರ್ ನೆಬ್ಯುಲೈಸರ್‌ನಷ್ಟೇ ಚೆನ್ನ. ಒಂದು ವಾಕ್ಯ ಪೂರ್ತಿ ಹೇಳಲಾಗದೆ ಪದಪದಕ್ಕೆ ಉಸಿರು ತೆಗೆದರೆ, ನಾಡಿ 120 ದಾಟಿದರೆ, ಬೆರಳಿನ ಆಕ್ಸಿಮೀಟರ್ 90ಕ್ಕಿಂತ ಕೆಳಗಿಳಿದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಆಗಲೇ 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಪಫ್ ಕೊಡುತ್ತಿರಿ. ಸುಂಯ್ ಸದ್ದು ನಿಂತಿತು, ಆದರೆ ಮನುಷ್ಯ ಸುಸ್ತಾಗಿ ಸಪ್ಪಗಾದ ಅಂದರೆ ಅದು ಸುಧಾರಣೆ ಅಲ್ಲ. ಸದ್ದು ಮಾಡುವಷ್ಟು ಗಾಳಿಯೂ ಆಡುತ್ತಿಲ್ಲ ಅಂತ ಅರ್ಥ. ನಿದ್ದೆ ಮಾತ್ರೆ ಕೊಡಲೇಬಾರದು. ಆಸ್ಪತ್ರೆಯಲ್ಲಿ ಆಕ್ಸಿಜನ್, ಪ್ರೆಡ್ನಿಸೊಲೋನ್, ಇಪ್ರಾಟ್ರೋಪಿಯಂ, ಬೇಕಾದರೆ ರಕ್ತನಾಳಕ್ಕೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಮನೆಗೆ ಬಂದ ಒಂದು ವಾರದೊಳಗೆ ಮತ್ತೆ ವೈದ್ಯರನ್ನು ಕಾಣಬೇಕು.

ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಬರೋಣ.

ಮೃಗಶಿರದ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ಹೋಗಬಹುದೇ? ಅದರಿಂದ ಆಸ್ತಮಾ ವಾಸಿಯಾಗುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ನಂಬಿಕೆಯಿಂದ ಹೋಗುವವರನ್ನು ನಾವು ಬೈಯುವುದಿಲ್ಲ. ಆದರೆ ಪಂಪು ಜೇಬಿನಲ್ಲಿರಲಿ, ಬಂದ ಮೇಲೂ ನಿಲ್ಲಿಸಬೇಡಿ. ಹೆಸರು ವಿಳಾಸ ಇಲ್ಲದ ಪೊಟ್ಟಣದ ಪುಡಿಗಳ ಬಗ್ಗೆ ಮಾತ್ರ ಖಂಡಿತ ಬೇಡ ಅನ್ನುತ್ತೇವೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿರುವುದುಂಟು. ಮುಖ ಊದಿಕೊಂಡು, ಸಕ್ಕರೆ ಏರಿದಾಗಲೇ ಗೊತ್ತಾಗುತ್ತದೆ.

ಬಸುರಿಯಾದರೆ ಪಂಪು ನಿಲ್ಲಿಸಬೇಕೇ? ಬೇಡ. ತಾಯಿಗೆ ಉಸಿರು ಕಟ್ಟಿದರೆ ಮಗುವಿಗೆ ಆಕ್ಸಿಜನ್ ಕಡಿಮೆಯಾಗುತ್ತದೆ. ಬುಡೆಸೊನೈಡ್ ಬಸುರಿನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ತಿಂಗಳ ತಪಾಸಣೆಯಲ್ಲಿ ಆಸ್ತಮಾವನ್ನೂ ಕೇಳುವಂತೆ ತಾಯಿ ಕಾರ್ಡಿನಲ್ಲಿ ಬರೆಸಿ.

ಪಂಪು ಅಭ್ಯಾಸ ಆಗಿಬಿಡುತ್ತದಲ್ಲ? ಚಟ ಅನ್ನುವ ಅರ್ಥದಲ್ಲಿ ಅಲ್ಲ. ಕನ್ನಡಕ ಅಭ್ಯಾಸವಾದ ಹಾಗೆ.

ಬೇಸಿನ್ ಬಿಟ್ಟರೆ ಹೊಟ್ಟೆಗೇನು ಅಂತ ಒಬ್ಬ ತಾಯಿ ಕೇಳಿದರು. ಅತಿ ಕಷ್ಟದ ಪ್ರಶ್ನೆ ಇದು. ನಿಜ ಹೇಳಬೇಕೆಂದರೆ ರೇಷ್ಮೆಯ ಪ್ರೋಟೀನಿಗೆ ಮೈ ಒಗ್ಗದವರು ಅದರಿಂದ ಎಷ್ಟು ಬೇಗ ದೂರವಾದರೆ ಅಷ್ಟು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ವರ್ಷಗಟ್ಟಲೆ ಎಳೆದರೆ ಕೆಲಸ ಬಿಟ್ಟ ಮೇಲೂ ಆಸ್ತಮಾ ಉಳಿದುಬಿಡುತ್ತದೆ. ಮದ್ದು ಜಾಸ್ತಿ ಮಾಡುತ್ತಾ ಅದೇ ಆವಿಯಲ್ಲಿ ಕೂರುವುದು ಸರಿಯಾದ ದಾರಿ ಅಲ್ಲ. ಪೂರ್ತಿ ಬಿಡುವುದು ನಾಳೆಯೇ ಆಗದಿದ್ದರೆ ಮೊದಲು ಗೂಡು ಬೇಯಿಸುವ, ಜಾಳು ತೆಗೆಯುವ, ಪ್ಯೂಪಾ ಎತ್ತುವ ಕೆಲಸದಿಂದ ದೂರವಾಗಿ. ಆವಿ ಹೊರಹೋಗಲು ಬೇಯಿಸುವ ಪಾತ್ರೆಯ ಮೇಲೆ ಹೊಗೆಗೂಡು, ಎಕ್ಸಾಸ್ಟ್ ಫ್ಯಾನ್ ಹಾಕಿಸಲು ಮಾಲೀಕರನ್ನು ಕೇಳಿ. ಕಸ ಗುಡಿಸುವ ಮುಂಚೆ ನೀರು ಚಿಮುಕಿಸಿ. ಕೆಲಸದ ಬಟ್ಟೆ ಮನೆಯೊಳಗೆ ತರಬೇಡಿ. ಕೆಲಸ ಬದಲಿಸಿದ ದಿನದಿಂದ ಎರಡು ವಾರ ಮೀಟರು ಊದಿ ಬರೆದಿಡಿ. ಸಂಜೆಯ ಅಂಕಿ ಬೆಳಗಿನ ಮಟ್ಟದಲ್ಲೇ ನಿಂತರೆ ಬದಲಾವಣೆ ಫಲಿಸುತ್ತಿದೆ ಅನ್ನಬಹುದು, ಆದರೂ ಅಳೆಯುವುದನ್ನು ಬಿಡಬೇಡಿ. ಮತ್ತೆ 270ರ ಕಡೆಗೆ ಇಳಿದರೆ ಶೆಡ್ಡಿನ ಗಾಳಿಯಲ್ಲಿ ಇರುವುದೇ ಆಸ್ತಮಾ ಕೆರಳಿಸಲು ಸಾಕಾಗುತ್ತಿದೆ ಅಂತ ಅರ್ಥ, ಆಗ ಆ ಚೀಟಿ ಹಿಡಿದು ವೈದ್ಯರ ಹತ್ತಿರವೂ, ಮನೆಯವರನ್ನು ಕೂರಿಸಿಕೊಂಡು ಬೇರೆ ಕೆಲಸದ ಮಾತಿಗೂ ಹೋಗಬೇಕು.